ಮುಗಿಬೀಳುವ ಜನ, ಮುಚ್ಚುವ ಬಾಗಿಲು

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಅಂದು ಮಧ್ಯರಾತ್ರಿಯಿಂದ 21 ದಿನ ದೇಶಕ್ಕೆ ದೇಶವೇ ಮನೆಯೊಳಗಿರಬೇಕು ಎಂದರು. ಮರುದಿನ ಯುಗಾದಿ. ಭಾಷಣ ಮುಗಿದಾಗ ಗಡುವಿಗೆ ಉಳಿದಿದ್ದು ಮೂರೂವರೆ ಗಂಟೆ. ಅಗತ್ಯ ವಸ್ತುಗಳ ಪೂರೈಕೆಗೆ ತೊಂದರೆಯಾಗದು ಎಂಬ ಭರವಸೆ ಮಾತಿನ ನಡುವೆ ಬಂದಿತ್ತು, ನಿಜ. ಆದರೆ ನಾಳೆ ಬೆಳಿಗ್ಗೆ ಬೀದಿಯ ಕಿರಾಣಿ ಅಂಗಡಿ ತೆರೆಯುತ್ತದೆಯೇ, ತರಕಾರಿ ಗಾಡಿ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ. ಸರ್ಕಾರಿ ಇಂಗ್ಲಿಷಿನ ಆ ಪುಟಗಳನ್ನು ಓದಿ ಮುಗಿಸಿ ನಿಶ್ಚಿಂತೆಯಿಂದ ಮಲಗಿದ ಮನೆ ಯಾವ ಊರಲ್ಲೂ ಇದ್ದಿರಲಾರದು. ಜನ ಚೀಲ ಹಿಡಿದು ಬೀದಿಗಿಳಿದರು. ಗಾಬರಿ ಬೇಡ ಎಂಬ ಪ್ರಧಾನಿಯ ಟ್ವೀಟ್ ಆಮೇಲೆ ಬಂತು. ಅಂಗಡಿ ಮುಂದಿನ ಸಾಲುಗಳನ್ನು ಮತ್ತೆ ಮತ್ತೆ ತೋರಿಸಿದ ಚಾನೆಲ್‌ಗಳು ನಮ್ಮ ಜನಕ್ಕೆ ಬುದ್ಧಿ ಬರುವುದಿಲ್ಲ ಎಂದು ಷರಾ ಬರೆದವು. ಆ ಷರಾ ಈಗಲೂ ಅಳಿಸಿಲ್ಲ. ಕೊರೊನಾ ಸೋಂಕಿನ ಕಾಲದಲ್ಲಿ ಅಂಗಡಿಗೆ ಮುಗಿಬಿದ್ದವರೆಂದರೆ ಸ್ವಾರ್ಥಿಗಳು, ಗುಂಪಿನ ಹಿಂದೆ ಓಡುವವರು ಎಂಬುದು ಸಾಮಾನ್ಯ ತಿಳಿವಳಿಕೆಯೇ ಆಗಿಹೋಗಿದೆ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಬಾಗಿಲು ಯಾವಾಗ ಮುಚ್ಚುತ್ತದೆ, ಮತ್ತೆ ಯಾವಾಗ ತೆರೆಯುತ್ತದೆ ಎಂಬ ಅನಿಶ್ಚಯವೇ ಮುಗಿಬೀಳುವಿಕೆಯ ಬೇರು. ಆ ಅನಿಶ್ಚಯವನ್ನು ಹುಟ್ಟಿಸಿದವರು ಬಹಳ ಸಲ ಆದೇಶಕ್ಕೆ ಸಹಿ ಹಾಕಿದವರೇ.

ಸರಕಿನ ಲೆಕ್ಕವನ್ನೇ ಮೊದಲು ನೋಡೋಣ. ಏಪ್ರಿಲ್ 1ಕ್ಕೆ ಸರ್ಕಾರದ ಕೇಂದ್ರ ದಾಸ್ತಾನಿನಲ್ಲಿ ಇರಲೇಬೇಕಾದ ಅಕ್ಕಿ, ಗೋಧಿಯ ಪ್ರಮಾಣ ಸುಮಾರು 210 ಲಕ್ಷ ಟನ್. 2020ರಲ್ಲಿ ಇದ್ದದ್ದು ಅದರ ಎರಡು ಪಟ್ಟಿಗೂ ಮಿಗಿಲು. ಜೊತೆಗೆ ಹಿಂಗಾರಿನ ಗೋಧಿ ಇನ್ನೇನು ಕೊಯ್ಲಿಗೆ ಬಂದಿತ್ತು. ಲಾಕ್‌ಡೌನ್ ಶುರುವಾದ ಮರುದಿನವೇ, ಮಾರ್ಚ್ 26ರಂದು, 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯ ಉಚಿತ ಎಂದು ಕೇಂದ್ರ ಘೋಷಿಸಿದ್ದು ಈ ದಾಸ್ತಾನನ್ನು ನಂಬಿಯೇ. ಅಂದರೆ ದೇಶದಲ್ಲಿ ಅಕ್ಕಿಗೆ ಬರ ಇರಲಿಲ್ಲ. ಬರ ಇದ್ದದ್ದು ಲಾರಿಗೆ, ಹಮಾಲರಿಗೆ, ತೆರೆದ ಅಂಗಡಿಗೆ. ಮೊದಲ ಕೆಲವು ದಿನ ಲಾರಿಗಳು ರಾಜ್ಯಗಳ ಗಡಿಯಲ್ಲಿ ಸಾಲುಗಟ್ಟಿ ನಿಂತವು. ಹಿಟ್ಟು ಅಗತ್ಯ ವಸ್ತು ಸರಿ, ಹಿಟ್ಟು ತುಂಬುವ ಚೀಲ? ಹಾಲು ಅಗತ್ಯ ವಸ್ತು, ಹಾಲಿನ ಪ್ಲಾಸ್ಟಿಕ್ ಕವರು? ನಾಕಾಬಂದಿಯಲ್ಲಿ ನಿಂತ ಕಾನ್‌ಸ್ಟೆಬಲ್‌ ಇದನ್ನು ನಿರ್ಧರಿಸಬೇಕಿತ್ತು. ಅಗತ್ಯ, ಅನಗತ್ಯ ಎಂಬ ಭೇದವಿಲ್ಲದೆ ಎಲ್ಲ ಸರಕನ್ನೂ ಬಿಡಿ ಎಂದು ಗೃಹ ಸಚಿವಾಲಯ ರಾಜ್ಯಗಳಿಗೆ ಹೇಳಿದ್ದು ಮಾರ್ಚ್ 29ರಂದು. ಆ ಐದು ದಿನಗಳಲ್ಲಿ ಅಂಗಡಿಯ ಹಲಗೆ ಖಾಲಿಯಾದದ್ದನ್ನು ಕಂಡು ಎರಡು ಕಿಲೊ ಬೇಳೆ ಹೆಚ್ಚಿಗೆ ಕೊಂಡ ಗೃಹಿಣಿಯನ್ನು ಯಾವ ಬಾಯಲ್ಲಿ ಬೈಯುವುದು? ಅವಳು ಕಣ್ಣಿಗೆ ಕಂಡದ್ದನ್ನು ನಂಬಿದಳು, ಅಷ್ಟೆ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನಮ್ಮ ರಾಜ್ಯದಲ್ಲೇ ಇದೆ. ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕ ಸರ್ಕಾರ 14 ದಿನಗಳ ಕರ್ಫ್ಯೂ ಹೇರಿತು. ದಿನಸಿ, ತರಕಾರಿ ಕೊಳ್ಳಲು ಸಿಕ್ಕಿದ್ದು ಬೆಳಿಗ್ಗೆ 6ರಿಂದ 10ರವರೆಗೆ, ಬರೀ ನಾಲ್ಕು ಗಂಟೆ. ಬೆಳಿಗ್ಗೆ 7ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುವ ಸಾಮಾನ್ಯ ಅಂಗಡಿಯೊಂದನ್ನು ತೆಗೆದುಕೊಳ್ಳಿ. ಹದಿನಾಲ್ಕು ಗಂಟೆಯ ವ್ಯಾಪಾರವನ್ನು ನಾಲ್ಕು ಗಂಟೆಗೆ ಹಿಂಡಿದರೆ, ಒಬ್ಬನೇ ಒಬ್ಬ ಒಂದು ಪಾವು ಅಕ್ಕಿಯನ್ನೂ ಹೆಚ್ಚಿಗೆ ಕೊಳ್ಳದಿದ್ದರೂ ಅಂಗಡಿ ಮುಂದಿನ ಗುಂಪು ಮೂರೂವರೆ ಪಟ್ಟಾಗುತ್ತದೆ. ಆ ಗುಂಪನ್ನು ಕಂಡವನಿಗೆ ದಿನಾ ಇಲ್ಲಿಗೆ ಬರುವುದು ಅಪಾಯ ಅನ್ನಿಸುತ್ತದೆ. ವಾರಕ್ಕಾಗುವಷ್ಟು ಒಂದೇ ಸಲ ಒಯ್ಯುವುದು ಜಾಣತನ ಅನ್ನಿಸುತ್ತದೆ. ಸೋಂಕಿನ ದೃಷ್ಟಿಯಿಂದ ಅದು ಜಾಣತನವೇ ಹೌದು. ಎಲ್ಲರೂ ಹಾಗೆ ಮಾಡಿದ ದಿನ ಒಂಬತ್ತು ಗಂಟೆಗೇ ಮಾಲು ಮುಗಿಯುತ್ತದೆ, ಮರುದಿನ ಐದೂವರೆಗೇ ಸಾಲು ಶುರುವಾಗುತ್ತದೆ. ಮಾರುಕಟ್ಟೆಗಳ ನೂಕುನುಗ್ಗಲು ನೋಡಿ ಸರ್ಕಾರ ನಾಲ್ಕೇ ದಿನದಲ್ಲಿ ಆದೇಶ ತಿದ್ದಿತು. ದಿನಸಿ ಅಂಗಡಿ, ಎಪಿಎಂಸಿಗಳಿಗೆ ಮಧ್ಯಾಹ್ನ 12ರವರೆಗೆ, ತಳ್ಳುಗಾಡಿ, ಹಾಪ್‌ಕಾಮ್ಸ್, ಹಾಲಿನ ಬೂತ್‌ಗಳಿಗೆ ಸಂಜೆ 6ರವರೆಗೆ ಅವಕಾಶ ಸಿಕ್ಕಿತು. ಪಾಠ ಕಲಿತರು ಎಂದುಕೊಳ್ಳುವಷ್ಟರಲ್ಲಿ ಮೇ 10ರಿಂದ ಬಿಗಿ ಲಾಕ್‌ಡೌನ್ ಬಂತು, ಅಂಗಡಿ ಮತ್ತೆ 6ರಿಂದ 10ಕ್ಕೆ ಇಳಿಯಿತು. ಈ ಸಲ ವಾಹನವೂ ಕೂಡದು, ನಡೆದೇ ಹೋಗಿ ತನ್ನಿ ಎಂದರು. ಸೋಂಕು ಹರಡುವುದು ಗುಂಪಿನಲ್ಲಿ ಎಂದು ಹೇಳುತ್ತಲೇ ಗುಂಪು ಕೂಡಿಸುವ ಅತಿ ಸುಲಭದ ವಿಧಾನವನ್ನು ಆದೇಶದಲ್ಲಿ ಬರೆದದ್ದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಬಹುಶಃ ಆದೇಶ ಬರೆಯುವವರ ಮನೆಗಳಿಗೆ ದಿನಸಿ ಬೇರೆ ದಾರಿಯಿಂದ ಬರುತ್ತದೆ.

ಮದ್ಯದಂಗಡಿಗಳ ಕಥೆಯನ್ನು ಹಾಸ್ಯಕ್ಕೆ ಬಿಟ್ಟುಬಿಡುವುದು ವಾಡಿಕೆ. ಅದರಲ್ಲೂ ಇದೇ ತರ್ಕವಿದೆ. ನಲವತ್ತು ದಿನ ಮುಚ್ಚಿದ್ದ ಅಂಗಡಿಗಳು 2020ರ ಮೇ 4ರಂದು ತೆರೆದಾಗ ರಾಜ್ಯದಲ್ಲಿ ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ, ಮರುದಿನ 197 ಕೋಟಿ ಎಂದು ವರದಿಯಾಯಿತು. ಎರಡು ದಿನದಲ್ಲಿ ಕುಡುಕರ ಸಂಖ್ಯೆಯೇನೂ ನಾಲ್ಕು ಪಟ್ಟಾಗಲಿಲ್ಲ. ಮತ್ತೆ ಯಾವಾಗ ಮುಚ್ಚುತ್ತಾರೋ ಎಂಬ ಅನುಮಾನವೂ ಬಾಟಲಿಯ ಜೊತೆ ಚೀಲ ಸೇರಿತ್ತು.

ಜನರ ದುರಾಸೆಯನ್ನು ತೀರಾ ಮರೆಮಾಚುತ್ತಿದ್ದೀರಿ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅಟ್ಟದ ತುಂಬ ಸ್ಯಾನಿಟೈಜರ್ ಪೇರಿಸಿಟ್ಟವರು, ಕಾಳಸಂತೆಯಲ್ಲಿ ಇಂಜೆಕ್ಷನ್ ಮಾರಿ ಸಿಕ್ಕಿಬಿದ್ದವರು ಇರಲಿಲ್ಲವೇ? ಇದ್ದರು, ಅವರಿಗೆ ಕಾನೂನಿದೆ. ಆದರೆ ಹಲಗೆಗಳನ್ನು ಖಾಲಿ ಮಾಡಿದವರು ಅವರೇ ಎನ್ನಲು ಪುರಾವೆ ಸಾಲದು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳು ಬರಿದಾದಾಗ, ಅಲ್ಲಿನ ಕುಟುಂಬಗಳ ಖರೀದಿಯ ಲೆಕ್ಕ ಇಡುವ ಕಾಂಟಾರ್ ಸಂಸ್ಥೆ ತನ್ನ ಅಂಕಿಅಂಶ ಬಿಚ್ಚಿಟ್ಟಿತು. ದ್ರವ ಸೋಪು ಕೊಂಡವರಲ್ಲಿ ಅಸಹಜ ಪ್ರಮಾಣದಲ್ಲಿ ಒಯ್ದವರು ಶೇ 6 ಮಾತ್ರ, ಒಣ ಪಾಸ್ತಾ ಕೊಂಡವರಲ್ಲಿ ಶೇ 3. ಉಳಿದವರು ಮಾಡಿದ್ದಿಷ್ಟೇ: ಎಂದಿನದಕ್ಕೆ ಒಂದೆರಡು ಪೊಟ್ಟಣ ಸೇರಿಸಿದರು, ಎಂದಿಗಿಂತ ಹೆಚ್ಚು ಸಲ ಅಂಗಡಿಗೆ ಹೋದರು. ಅಷ್ಟೇ ಸಾಕಾಯಿತು. ಇಂದಿನ ಚಿಲ್ಲರೆ ವ್ಯಾಪಾರ ನಿಂತಿರುವುದೇ ತೆಳುವಾದ ದಾಸ್ತಾನಿನ ಮೇಲೆ. ಗೋದಾಮಿನ ಬಾಡಿಗೆ ಉಳಿಸಲು ನಾಳೆಗೆ ಬೇಕಾದ್ದನ್ನು ಇವತ್ತು ತರಿಸುವ ಲೆಕ್ಕಾಚಾರದಲ್ಲಿ, ಎಲ್ಲರೂ ಒಂದೇ ವಾರ ಸ್ವಲ್ಪಸ್ವಲ್ಪ ಹೆಚ್ಚಿಗೆ ಕೇಳಿದರೆ ಹಲಗೆ ತಡೆದುಕೊಳ್ಳುವುದಿಲ್ಲ. ಟಿ.ವಿ.ಗೆ ಮಾತ್ರ ಟ್ರಾಲಿ ತುಂಬ ಟಾಯ್ಲೆಟ್ ಪೇಪರ್ ತಳ್ಳಿಕೊಂಡು ಹೋಗುವ ಒಬ್ಬ ಸಿಕ್ಕರೆ ಸಾಕು, ಖಳನಾಯಕ ಸಿಕ್ಕಂತೆಯೇ.

ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುಗಟ್ಟುವುದನ್ನು ಅರ್ಥಶಾಸ್ತ್ರ ಬಹಳ ಕಾಲದಿಂದ ಗಂಭೀರವಾಗಿ ನೋಡಿದೆ. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ 1983ರಲ್ಲಿ ಬರೆದ, ಮುಂದೆ 2022ರಲ್ಲಿ ನೊಬೆಲ್‌ಗೆ ದಾರಿಯಾದ ಪ್ರಬಂಧದ ತಿರುಳು ಇದು: ಬ್ಯಾಂಕು ಗಟ್ಟಿಯಾಗಿದ್ದರೂ, ಉಳಿದವರೆಲ್ಲ ಹಣ ತೆಗೆಯುತ್ತಾರೆ ಎಂದು ಒಬ್ಬನಿಗೆ ಅನ್ನಿಸಿದರೆ ತಾನೂ ಓಡಿ ತೆಗೆಯುವುದೇ ಅವನಿಗೆ ವಿವೇಕ. ಎಲ್ಲರೂ ವಿವೇಕಿಗಳಾದಾಗ ಗಟ್ಟಿ ಬ್ಯಾಂಕೂ ಮುಳುಗುತ್ತದೆ. ಇದಕ್ಕೆ ಜಗತ್ತು ಕಂಡುಕೊಂಡ ಮದ್ದು ಠೇವಣಿದಾರರಿಗೆ ನೀತಿಪಾಠ ಹೇಳುವುದಲ್ಲ, ಠೇವಣಿ ವಿಮೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ನಮ್ಮಲ್ಲೂ 1962ರಲ್ಲಿ ಆ ವಿಮೆ ಬಂತು. ಈಗ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಕೊನೆಯಲ್ಲಿ ಬಂದರೂ ನನ್ನ ಪಾಲು ಎಲ್ಲಿಗೂ ಹೋಗದು ಎಂಬುದು ಖಾತ್ರಿಯಾದರೆ ಯಾರೂ ಬೆಳಗಿನ ಜಾವ ಸಾಲಿನಲ್ಲಿ ನಿಲ್ಲುವುದಿಲ್ಲ. ದಿನಸಿ, ಮಾಸ್ಕ್, ಔಷಧದ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ತಿಳಿವಳಿಕೆಯನ್ನು ಬದಿಗಿಟ್ಟು ಬೈಗುಳಕ್ಕೆ ಇಳಿಯುತ್ತೇವೆ. ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ 2020ರ ಮಾರ್ಚ್‌ನಲ್ಲಿ ಇದು ಆಸ್ಟ್ರೇಲಿಯನ್ನರಿಗೆ ತಕ್ಕ ನಡತೆಯಲ್ಲ, ನಿಲ್ಲಿಸಿ ಎಂದು ಗದರಿದರು. ಗದರಿಕೆಯ ತೊಂದರೆ ಏನೆಂದರೆ, ಊರವರೆಲ್ಲ ಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಅಧಿಕೃತವಾಗಿ ತಲುಪುವುದೂ ಅದರ ಮೂಲಕವೇ.

ಗದರದೆ ಕೆಲಸ ಮಾಡಿದವರ ಉದಾಹರಣೆಯೂ ಇದೆ. 2020ರ ಫೆಬ್ರುವರಿ 7ರಂದು ಸಿಂಗಪುರ ಸೋಂಕಿನ ಎಚ್ಚರಿಕೆ ಮಟ್ಟವನ್ನು ಕಿತ್ತಳೆಗೆ ಏರಿಸಿದ ಕೂಡಲೇ ಜನ ಅಕ್ಕಿ, ನೂಡಲ್ಸ್‌ಗೆ ಮುಗಿಬಿದ್ದರು. ಮರುದಿನ ಪ್ರಧಾನಿ ಲೀ ಸಿಯನ್ ಲೂಂಗ್ ವಿಡಿಯೊದಲ್ಲಿ ಬಂದು ರೋಗದ ಬಗ್ಗೆ ಗೊತ್ತಿರುವುದೇನು, ಮುಂದೆ ಏನಾಗಬಹುದು, ಊರಿಗೆ ಬೀಗ ಹಾಕುವ ಯೋಚನೆ ಇಲ್ಲ, ಸಾಮಾನು ಸಾಕಷ್ಟಿದೆ ಎಂದು ಬಿಡಿಸಿ ಹೇಳಿದರು. ಅಲ್ಲಿನ ಫೇರ್‌ಪ್ರೈಸ್ ಸೂಪರ್‌ಮಾರ್ಕೆಟ್‌ಗಳು ತಲೆಗೆ ಇಷ್ಟು ಚೀಲ ಅಕ್ಕಿ ಎಂದು ಮಿತಿ ಹಾಕಿದವು. ಕೆಲವೇ ದಿನಗಳಲ್ಲಿ ಹಲಗೆ ತುಂಬಿದವು. ತೈವಾನ್ ಇನ್ನೂ ಮುಂದೆ ಹೋಯಿತು. ಅಲ್ಲಿ ಮಾಸ್ಕಿನ ಕೊರತೆ ಕಲ್ಪನೆಯಾಗಿರಲಿಲ್ಲ, ನಿಜವಾಗಿಯೂ ಇತ್ತು. ಜನವರಿ 24ಕ್ಕೇ ರಫ್ತು ನಿಲ್ಲಿಸಿದ ಸರ್ಕಾರ, ಫೆಬ್ರುವರಿ 6ರಿಂದ ಆರೋಗ್ಯ ವಿಮೆಯ ಕಾರ್ಡ್ ತೋರಿಸಿದವರಿಗೆ ವಾರಕ್ಕೆ ಎರಡು ಮಾಸ್ಕ್, ಒಂದಕ್ಕೆ 5 ತೈವಾನ್ ಡಾಲರ್ ಎಂದು ನಿಗದಿ ಮಾಡಿತು. ಗುರುತಿನ ಸಂಖ್ಯೆಯ ಕೊನೆಯ ಅಂಕಿ ಬೆಸವಾದವರಿಗೆ ಒಂದು ದಿನ, ಸಮವಾದವರಿಗೆ ಇನ್ನೊಂದು ದಿನ. ಯಾವ ಔಷಧ ಅಂಗಡಿಯಲ್ಲಿ ಎಷ್ಟು ಮಾಸ್ಕ್ ಉಳಿದಿದೆ ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ತೆರೆದಿಟ್ಟರು, ಅದನ್ನು ನಕ್ಷೆಯಲ್ಲಿ ತೋರಿಸುವ ಆ್ಯಪ್‌ಗಳು ಹುಟ್ಟಿಕೊಂಡವು. ಯಂತ್ರಗಳ ಮುಂದೆ ಸೈನಿಕರನ್ನೂ ಕೂರಿಸಿ, ದಿನಕ್ಕೆ 20 ಲಕ್ಷಕ್ಕಿಂತ ಕಡಿಮೆಯಿದ್ದ ಉತ್ಪಾದನೆಯನ್ನು ಮಾರ್ಚ್ ಹೊತ್ತಿಗೆ ಒಂದು ಕೋಟಿ ದಾಟಿಸಿದರು. ಮಾಸ್ಕಿನ ಕಚ್ಚಾವಸ್ತುವೂ ಟಾಯ್ಲೆಟ್ ಪೇಪರಿನದೂ ಒಂದೇ ಎಂಬ ಗಾಳಿಸುದ್ದಿ ಹಬ್ಬಿದಾಗ, ನಮಗೆಲ್ಲ ಇರುವುದು ಒಂದೇ ಅಂಡು ಎಂಬರ್ಥದ ಚಿತ್ರವನ್ನು ಅಲ್ಲಿನ ಪ್ರಧಾನಿಯೇ ಹರಿಬಿಟ್ಟರು. ವದಂತಿಯನ್ನು ಪೊಲೀಸರಿಂದ ಬೆನ್ನಟ್ಟಿಸುವುದಕ್ಕಿಂತ ಅದು ಅಗ್ಗ.

ತೈವಾನ್ ಪುಟ್ಟ ದ್ವೀಪ, ಎಲ್ಲರಿಗೂ ಕಾರ್ಡಿದೆ, ಇಲ್ಲಿ ಅದು ನಡೆಯದು ಎನ್ನುವವರಿಗೆ ನಮ್ಮ ನ್ಯಾಯಬೆಲೆ ಅಂಗಡಿಯನ್ನು ತೋರಿಸಬೇಕು. ತಲೆಗೆ ಇಷ್ಟು, ಮನೆಗೆ ಇಷ್ಟು, ತಿಂಗಳಿಗೊಮ್ಮೆ ಎಂಬ ಲೆಕ್ಕದಲ್ಲಿ ಸರಕು ಹಂಚುವ ವಿದ್ಯೆ ಈ ದೇಶಕ್ಕೆ ಎರಡನೇ ಮಹಾಯುದ್ಧದ ಕಾಲದಿಂದಲೂ ಗೊತ್ತು. ಪಡಿತರದ ತೂಕದಲ್ಲಿ ಮೋಸವಿದೆ, ಕಾರ್ಡಿಲ್ಲದ ವಲಸಿಗರು ಹೊರಗುಳಿಯುತ್ತಾರೆ, ಎಲ್ಲ ನಿಜ. ಆದರೂ ಲಾಕ್‌ಡೌನ್‌ನಲ್ಲಿ ಪಡಿತರ ಅಕ್ಕಿಯನ್ನು ತನ್ನ ಪಾಲಿಗಿಂತ ಹೆಚ್ಚಿಗೆ ಅಟ್ಟಕ್ಕೇರಿಸುವುದು ಸುಲಭವಿರಲಿಲ್ಲ, ಪಾಲು ಮೊದಲೇ ಗೊತ್ತಾಗಿತ್ತು. ಇದೇ ತಿಳಿವಳಿಕೆಯನ್ನು ಮಾಸ್ಕಿಗೆ ಅನ್ವಯಿಸುವ ಬದಲು ನಾವು ಮಾಡಿದ್ದು ದರ ನಿಗದಿ. 2020ರ ಮಾರ್ಚ್ 13ರಂದು ಮಾಸ್ಕ್, ಸ್ಯಾನಿಟೈಜರ್‌ಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, ಒಂದು ವಾರದ ನಂತರ ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಎಂ.ಎಲ್. ಸ್ಯಾನಿಟೈಜರ್‌ಗೆ 100 ರೂಪಾಯಿ ಎಂದು ಕೇಂದ್ರ ಗರಿಷ್ಠ ಬೆಲೆ ಕಟ್ಟಿತು. ಬೆಲೆ ಕಟ್ಟಿದ ಮಾತ್ರಕ್ಕೆ ಮಾಲು ಅಂಗಡಿಗೆ ಬರುವುದಿಲ್ಲ. ಒಬ್ಬನಿಗೆ ಎಷ್ಟು ಎಂಬ ಮಿತಿಯಿಲ್ಲದ ಅಗ್ಗದ ವಸ್ತು ಮೊದಲು ಬಂದವನ ಚೀಲ ಸೇರುತ್ತದೆ. ಬೆಲೆಯನ್ನು ಅದರಷ್ಟಕ್ಕೆ ಏರಲು ಬಿಡಿ, ಅನಗತ್ಯವಾಗಿ ಕೊಳ್ಳುವವರು ತಾವಾಗಿ ಹಿಂದೆ ಸರಿಯುತ್ತಾರೆ ಎಂಬ ಮಾರುಕಟ್ಟೆವಾದಿಗಳ ಸಲಹೆಯಲ್ಲಿ ಅರ್ಧ ಸತ್ಯವಿದೆ: ಏರಿದ ಬೆಲೆ ಹೊಸ ತಯಾರಕರನ್ನು ಕರೆತರುತ್ತದೆ. ಉಳಿದರ್ಧ ಸೋಂಕಿನ ಮುಂದೆ ಬಿದ್ದುಹೋಗುತ್ತದೆ. ಮನೆಗೆಲಸದವಳಿಗೆ ಮಾಸ್ಕ್ ಸಿಗದಿದ್ದರೆ ಅದರ ಪರಿಣಾಮ ಆಕೆ ಕೆಲಸಕ್ಕೆ ಹೋಗುವ ಐದು ಮನೆಗಳಿಗೂ ತಟ್ಟುತ್ತದೆ.

ಔಷಧದ ಮಾತು ಬೇರೆ, ಇನ್ನಷ್ಟು ಕಹಿ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂದಾಗ ಟೆಟ್ರಾಸೈಕ್ಲಿನ್ ಮಾತ್ರೆಗಳು ಸೂರತ್ತಿನಲ್ಲಷ್ಟೇ ಅಲ್ಲ, ದೆಹಲಿಯ ಅಂಗಡಿಗಳಲ್ಲೂ ಮುಗಿದುಹೋಗಿದ್ದವು. 26 ವರ್ಷಗಳ ನಂತರ ಹೈಡ್ರಾಕ್ಸಿಕ್ಲೋರೊಕ್ವಿನ್ ಸರದಿ. ಕೊರೊನಾಕ್ಕೆ ಇದು ರಾಮಬಾಣ ಎಂಬ ಮಾತು ಅಮೆರಿಕದ ಅಧ್ಯಕ್ಷರ ಬಾಯಿಂದ ಹೊರಟಿತು. 2020ರ ಮಾರ್ಚ್ ಕೊನೆಯ ಭಾಗದಲ್ಲಿ ಐಸಿಎಂಆರ್ ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆಯಾಗಿ ಅದನ್ನು ಸೂಚಿಸಿತು. ಅದಾದ ಮೇಲೆ ಮಾರ್ಚ್ 26ರಂದು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಬಿಗಿ ನಿಯಮ ಬಂತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಅನುಕ್ರಮ ಇದು. ನಡುವಿನ ದಿನಗಳಲ್ಲಿ ಒದ್ದಾಡಿದವರು ಲೂಪಸ್, ಸಂಧಿವಾತದ ರೋಗಿಗಳು. ಆ ಮಾತ್ರೆ ಅವರಿಗೆ ನಿತ್ಯದ ಅಗತ್ಯ. 2021ರ ರೆಮ್‌ಡಿಸಿವಿರ್ ಪ್ರಕರಣದಲ್ಲಂತೂ ಕೊಳ್ಳುವವರನ್ನು ದೂರುವುದಕ್ಕೆ ಕಾರಣವೇ ಇಲ್ಲ. ಆಸ್ಪತ್ರೆಗೆ ದಾಖಲಾದವರಿಗೆ ಇದನ್ನು ಕೊಡುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಹೇಳಿತ್ತು. ಇದು ಸಂಜೀವಿನಿಯಲ್ಲ ಎಂದು ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ, ಬೆಂಗಳೂರಿನ ದೇವಿ ಶೆಟ್ಟಿ ಮುಂತಾದ ವೈದ್ಯರು ಏಪ್ರಿಲ್‌ನಲ್ಲಿ ಜನರಿಗೆ ವಿನಂತಿಸಿದರು. ಆದರೆ ಆಸ್ಪತ್ರೆಯೇ ಆರು ವಯಲ್ ತನ್ನಿ ಎಂದು ಚೀಟಿ ಬರೆದು ಮಗನ ಕೈಗಿತ್ತರೆ, ಅಪ್ಪ ವೆಂಟಿಲೇಟರ್‌ನಲ್ಲಿರುವಾಗ ಆ ಮಗ ವೈದ್ಯಕೀಯ ಪ್ರಬಂಧ ಓದುತ್ತಾ ಕೂರಬೇಕೇ? ರೋಗಿಯ ಸಂಬಂಧಿಕನನ್ನು ಸರಬರಾಜು ಸರಪಣಿಯ ಕೊನೆಯ ಕೊಂಡಿಯಾಗಿಸಿದ ವ್ಯವಸ್ಥೆಯೇ ಕಾಳಸಂತೆಯನ್ನು ಸಾಕಿತು. ರಫ್ತು ನಿಷೇಧ, ರಾಜ್ಯವಾರು ಹಂಚಿಕೆ, ನೇರ ಆಸ್ಪತ್ರೆಗೆ ಪೂರೈಕೆ ಎಲ್ಲವೂ ಬಂದವು. ಬಂದದ್ದು ಅಲೆ ಎದ್ದ ಮೇಲೆ.

ಇದೇ ಜಾಗದಲ್ಲಿ ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿ ಪ್ರಶ್ನೆ ಇದೆ. ಕೊರತೆಯಿಲ್ಲ ಎಂಬ ಭರವಸೆ ನಂಬಿ ಸುಮ್ಮನಿದ್ದವರ ಗತಿ ಏನಾಯಿತು? 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ಸತ್ತ ಸುದ್ದಿ ಕೇಳಿದ ಮೇಲೆ, ಮನೆಯಲ್ಲೊಂದು ಸಿಲಿಂಡರ್ ಇಟ್ಟುಕೊಂಡವನಿಗೆ ತಪ್ಪು ಮಾಡಿದೆ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ನನಗೂ ಬರುವುದಿಲ್ಲ. ಅವನ ಮನೆಯ ಸಿಲಿಂಡರ್ ಇನ್ನೊಬ್ಬನ ಹಾಸಿಗೆಯ ಪಕ್ಕ ಇಲ್ಲದ ಸಿಲಿಂಡರ್ ಎಂಬುದೂ ನಿಜವೇ. ಭರವಸೆ ಎಂಬುದು ಮಾತಿನಿಂದ ಹುಟ್ಟುವುದಲ್ಲ. ಎಷ್ಟು ಆಮ್ಲಜನಕ ಇದೆ, ಎಲ್ಲಿದೆ, ಮುಂದಿನ ಟ್ಯಾಂಕರ್ ಎಷ್ಟು ಗಂಟೆಗೆ ಎಂಬ ಲೆಕ್ಕವನ್ನು ತೆರೆದಿಡದೆ ಹೇಳುವ ಚಿಂತೆ ಬೇಡ ಎಂಬ ಮಾತು, ಒಮ್ಮೆ ಸುಳ್ಳಾದರೆ ಮುಂದಿನ ಹತ್ತು ಸಲ ಸತ್ಯವಾದರೂ ಯಾರೂ ನಂಬುವುದಿಲ್ಲ. ಕೊರತೆ ಇದ್ದಾಗ ಇದೆ ಎಂದೇ ಹೇಳಿ, ಹೇಗೆ ಹಂಚುತ್ತೇವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುವುದು ಕಷ್ಟದ ಕೆಲಸ. ತೈವಾನ್ ಮಾಡಿದ್ದು ಅದನ್ನೇ.

2020ರ ಲಾಕ್‌ಡೌನನ್ನು ಮುಂಚಿತವಾಗಿ ಹೇಳಿದ್ದರೆ ಜನ ಊರೂರಿಗೆ ಓಡಿ ಸೋಂಕು ಹಬ್ಬಿಸುತ್ತಿದ್ದರು, ಅದಕ್ಕೇ ನಾಲ್ಕೇ ಗಂಟೆಯ ಗಡುವು ಎಂಬ ಸಮರ್ಥನೆಯೂ ಇದೆ. ಮಾರ್ಚ್ 28ರಂದು ದೆಹಲಿಯ ಆನಂದ್ ವಿಹಾರ್ ಬಸ್ ನಿಲ್ದಾಣದಲ್ಲಿ ಸೇರಿದ ಸಾವಿರಾರು ವಲಸೆ ಕಾರ್ಮಿಕರನ್ನು ನೆನೆದರೆ ಸಾಕು, ಗಡುವು ಕಿರಿದಾದದ್ದರಿಂದ ಓಟ ನಿಲ್ಲಲಿಲ್ಲ, ಬಸ್ಸಿಲ್ಲದೆ ಕಾಲ್ನಡಿಗೆಯಾಯಿತು ಎಂಬುದು ಗೊತ್ತಾಗುತ್ತದೆ. ನ್ಯೂಜಿಲೆಂಡ್ ಮಾರ್ಚ್ 21ಕ್ಕೆ ನಾಲ್ಕು ಹಂತದ ಎಚ್ಚರಿಕೆ ಪಟ್ಟಿ ಪ್ರಕಟಿಸಿತು, 23ಕ್ಕೆ 48 ಗಂಟೆಗಳ ಕಾಲಾವಕಾಶ ಕೊಟ್ಟು ಅತ್ಯುನ್ನತ ಹಂತ ಘೋಷಿಸಿತು, ಸೂಪರ್‌ಮಾರ್ಕೆಟ್ ತೆರೆದೇ ಇರುತ್ತದೆ ಎಂದು ಒತ್ತಿ ಹೇಳಿತು. ಅಲ್ಲೂ ಜನ ನುಗ್ಗಿದರು, ಅದನ್ನು ಮುಚ್ಚಿಡಬೇಕಿಲ್ಲ. ಗಡುವು ಹಿಗ್ಗಿಸಿದರೆ ನೂಕುನುಗ್ಗಲು ಪೂರ್ತಿ ಮಾಯವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾವ ಹಂತದಲ್ಲಿ ಯಾವ ಅಂಗಡಿ ತೆರೆದಿರುತ್ತದೆ ಎಂಬುದು ಮೊದಲೇ ಅಚ್ಚಾಗಿದ್ದರೆ, ಮುಗಿಬೀಳುವಿಕೆ ಒಂದೆರಡು ದಿನದ್ದಾಗಿ ಮುಗಿಯುತ್ತದೆ. ಇಲ್ಲದಿದ್ದರೆ ಪ್ರತಿ ಹೊಸ ಆದೇಶಕ್ಕೂ ಹೊಸ ಸಾಲು.

ಈ ಸಾಲಿನಲ್ಲಿ ನಿಲ್ಲಲೂ ಆಗದವರನ್ನು ಚರ್ಚೆ ಮರೆಯುವುದೇ ಹೆಚ್ಚು. 21 ದಿನಕ್ಕೆ ಬೇಕಾದ್ದನ್ನು ಒಂದು ರಾತ್ರಿಯಲ್ಲಿ ಕೊಳ್ಳಲು ಕೈಯಲ್ಲಿ ಹಣ ಬೇಕು, ಮನೆಯಲ್ಲಿ ಜಾಗ ಬೇಕು, ಫ್ರಿಜ್ ಬೇಕು. ಸಂಜೆಯ ಕೂಲಿಯಲ್ಲಿ ಕಾಲು ಕಿಲೊ ಬೇಳೆ, ನೂರು ಗ್ರಾಂ ಎಣ್ಣೆ ಕೊಳ್ಳುವ ಮನೆಗೆ ಬೆಳಿಗ್ಗೆ 10ಕ್ಕೆ ಮುಚ್ಚುವ ಅಂಗಡಿ ಇಡೀ ದಿನ ಮುಚ್ಚಿದ ಹಾಗೆಯೇ, ಏಕೆಂದರೆ ಆ ಹೊತ್ತಿಗೆ ಅವರ ಕೈಗೆ ದುಡ್ಡೇ ಬಂದಿರುವುದಿಲ್ಲ. ಲಾಕ್‌ಡೌನ್ ಹೇರಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಪ್ರತಿ ಜಿಲ್ಲೆಯಲ್ಲೂ ವಿಪತ್ತಿಗೊಂದು ಯೋಜನೆ ಸಿದ್ಧವಿರಬೇಕು ಎನ್ನುವುದೂ ಅದೇ ಕಾಯ್ದೆ. ನೆರೆ ಬಂದರೆ ದೋಣಿ ಎಲ್ಲಿ, ಗಂಜಿ ಕೇಂದ್ರ ಎಲ್ಲಿ ಎಂದು ಬರೆದಿಡುವಂತೆ, ಸೋಂಕು ಬಂದರೆ ಅಂಗಡಿ ಎಷ್ಟು ಹೊತ್ತು, ಸಂಜೆಯ ಪಾಳಿ ಯಾರಿಗೆ, ಯಾವ ಔಷಧಕ್ಕೆ ತಲೆಗೆ ಎಷ್ಟು ಎಂಬ ಪುಟವನ್ನು ಸೇರಿಸಲು ಹೊಸ ಕಾನೂನು ಬೇಕಿಲ್ಲ. ಅದನ್ನು ಬರೆಯುವ ಮೇಜಿಗೆ ಪೊಲೀಸ್ ಮತ್ತು ಆರೋಗ್ಯಾಧಿಕಾರಿಗಳ ಜೊತೆ ಎಪಿಎಂಸಿಯ ವರ್ತಕರನ್ನು, ಹಮಾಲರನ್ನು, ಬಡಾವಣೆಯ ಕಿರಾಣಿ ಅಂಗಡಿಯವರನ್ನು ಕರೆಯಬೇಕು. ನಾಲ್ಕು ಗಂಟೆಯಲ್ಲಿ ಎಷ್ಟು ಜನಕ್ಕೆ ಬೇಳೆ ತೂಗಬಹುದು ಎಂಬ ಲೆಕ್ಕ ಗೊತ್ತಿರುವುದು ಅವರಿಗೆ.